ಬರಿ ಗಡಿಗೆಯ ಮೇಲೆ ನನ್ನ ಮುಖ

ಈ ಬೇಸಿಗೆಯಲ್ಲಿ ಒಂದು ತಿಂಗಳು ನನ್ನ ಮುಖ ಮಸ್ಕಿ ಬಸ್ ನಿಲ್ದಾಣದ ಬೇವಿನ ಮರಕ್ಕೆ ನೇತುಬಿದ್ದಿತ್ತು. ಗಾಬರಿಯಾಗಬೇಡಿ, ಫ್ಲೆಕ್ಸಿನಲ್ಲಿ. ಬಸ್ಸಿಗೆ ಕಾಯುವವರ ದಾಹ ತೀರಲೆಂದು ನಮ್ಮ ಓಣಿಯ ಮಹಿಳಾ ಸಂಘದವರೆಲ್ಲ ಸೇರಿ ಅರವಟ್ಟಿಗೆ ಇಟ್ಟಿದ್ದೆವು. ಕೆಳಗೆ ನೀರಿನ ಗಡಿಗೆ ಮೂರು, ಮೇಲೆ ಮುಖಗಳು ಹನ್ನೊಂದು. ನನ್ನದು ಎರಡನೆಯ ಸಾಲಿನಲ್ಲಿತ್ತು. ಮೊದಲ ಸಾಲಿಗೆ ಹಾಕಲಿಲ್ಲವೆಂದು ಆಗಲೇ ಒಂದಿಷ್ಟು ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ.

ಸಿಟ್ಟು ನನಗೆ ಬೇಗ ಬರುತ್ತದೆ. ಸಿಂಧನೂರಿನ ಕಾಲೇಜಿನಲ್ಲಿ ಪಾಠ ಮಾಡುವ ನನಗೆ ದಿನಾ ಬಸ್ಸಿನ ಓಡಾಟ. ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿಯುವವರನ್ನು ನೋಡಿಯೇ ಅರ್ಧ ಆಯುಷ್ಯದ ಸಿಟ್ಟು ಖರ್ಚಾಗಿದೆ. ಆದರೆ ಈ ಬೇಸಿಗೆಯ ಸಿಟ್ಟಿನ ಜಾತಿಯೇ ಬೇರೆ.

ಉದ್ಘಾಟನೆಗೆ ಏಳು ವರ್ಷದ ಮಗಳು ಸಿರಿಯನ್ನು ಬೇಕೆಂತಲೇ ಕರೆದೊಯ್ದಿದ್ದೆ. ಸೇವೆ ಎಂಬುದು ಮಕ್ಕಳಿಗೆ ಹೇಳಿದರೆ ಬರುವುದಿಲ್ಲ, ತಂದೆತಾಯಿ ಮಾಡುವುದನ್ನು ನೋಡಿ ಬರುತ್ತದೆ ಎಂದು ಮೈಕಿನಲ್ಲಿ ಸಾರಿದವಳು ನಾನೇ. ಟೇಪು ಕತ್ತರಿಸಿದೆವು. ಲಿಂಗಸುಗೂರಿನ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಅಜ್ಜನನ್ನು ಹಿಡಿದು ತಂದು ಮೊದಲ ಲೋಟ ನೀರು ಕುಡಿಸಿದೆವು. ಫೋಟೋ ಸರಿ ಬರಲಿಲ್ಲವೆಂದು ಎರಡನೆಯದು ಕುಡಿಸಿದೆವು. ಮೂರನೆಯ ಲೋಟಕ್ಕೆ ಆತ ಸಾಕು ತಾಯಿ ಎಂದು ಕೈಮುಗಿದ. ಅದೇ ಒಳ್ಳೆಯ ಫೋಟೋ ಎಂದು ಗ್ರೂಪಿಗೆ ಹಾಕಿದೆವು.

ಹೆಸರು ಮೆರೆಸುವುದು ನಮ್ಮೂರಿಗೆ ಹೊಸದಲ್ಲ ಬಿಡಿ. ಹಿಂದೊಬ್ಬ ಚಕ್ರವರ್ತಿಯೇ ಇಲ್ಲಿನ ಗುಡ್ಡದ ಬಂಡೆಯ ಮೇಲೆ ತನ್ನ ಹೆಸರು ಕೆತ್ತಿಸಿ ಹೋಗಿದ್ದಾನೆ. ಆದರೆ ಆತ ದಾರಿಯುದ್ದಕ್ಕೂ ಬಾವಿ ತೋಡಿಸಿದ, ನೆರಳಿಗೆ ಮರ ನೆಡಿಸಿದ ಎಂದು ಕೇಳಿದ್ದೇವೆ. ನಾವು ಹೆಸರಿನ ಕೆಲಸ ಮೊದಲು ಮುಗಿಸಿಕೊಂಡು ಬಾವಿಯನ್ನು ಮರೆತೆವು. ನೀರು ತುಂಬಲು ದಿನಕ್ಕೊಬ್ಬರ ಪಾಳಿ ಎಂದಾಗಿತ್ತು. ನನ್ನದು ಮಂಗಳವಾರ. ಎರಡು ಮಂಗಳವಾರ ಹೋದೆ, ಮೂರನೆಯದಕ್ಕೆ ಪರೀಕ್ಷೆಯ ಪೇಪರುಗಳು ಬಂದವು. ಉಳಿದವರಿಗೂ ಏನೇನೋ ಬಂದಿರಬೇಕು.

ಒಂದು ಮಧ್ಯಾಹ್ನ ಬಸ್ಸಿಳಿದಾಗ, ಬಳಗಾನೂರಿನ ಬಸ್ಸಿಗೆ ಕಾಯುತ್ತಿದ್ದ ಕೂಲಿ ಮಾಡುವ ಮುದುಕಿಯೊಬ್ಬಳು ಗಡಿಗೆ ಬಗ್ಗಿಸುತ್ತಿದ್ದಳು. ಒಳಗಿನಿಂದ ಒಂದು ಗುಟಕಾ ಚೀಟಿ ಬಿತ್ತು. ಅವಳು ಮೇಲೆ ಫ್ಲೆಕ್ಸು ನೋಡಿದಳು, ನನ್ನನ್ನು ನೋಡಿದಳು.

"ಯವ್ವಾ, ಈ ಫೋಟೋದಾಗ ಇರಾಕಿ ನೀನ ಅಲ್ಲೇನು? ಗಡಿಗ್ಯಾಗ ಒಂದು ಹನಿ ನೀರಿಲ್ಲ ನೋಡು."

ಕೊಂಕಿನಿಂದ ಹೇಳಿದ್ದರೆ ಉತ್ತರ ಕೊಡುತ್ತಿದ್ದೆ. ಗಡಿಗೆ ಬರಿದಾದದ್ದು ನನಗೆ ನಿಜವಾಗಿಯೂ ಗೊತ್ತಿರಲಿಕ್ಕಿಲ್ಲ ಎಂದುಕೊಂಡೇ ಅವಳು ಹೇಳಿದಳು. ನನ್ನ ಬಾಟಲಿಯ ತಳದಲ್ಲಿ ಎರಡು ಗುಟುಕು ಬಿಸಿನೀರಿತ್ತು, ಅದನ್ನೇ ಕೊಟ್ಟೆ. ಕುಡಿದು, ತಣ್ಣಗಿರು ಎಂದು ಹರಸಿದಳು. ನನಗೆ ಮೈಯೆಲ್ಲ ಉರಿಯಿತು.

ಮನೆ ಮುಟ್ಟುವವರೆಗೂ ಎಲ್ಲರನ್ನೂ ಬೈದೆ: ಸಂಘದ ಅಧ್ಯಕ್ಷೆಯನ್ನು, ಫ್ಲೆಕ್ಸು ಮಾಡಿದವನನ್ನು, ಬಿಸಿಲನ್ನು. ನನ್ನ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಒಳಗೆ ಕಾಲಿಟ್ಟರೆ ಸಿರಿ ಆಟವಾಡುತ್ತಿದ್ದಳು. ಮೂರು ಲೋಟ, ಮುಂದೆ ಅಡ್ಡಲಾಗಿ ಕಟ್ಟಿದ ಜಡೆಯ ರಿಬ್ಬನ್ನು. ಅದನ್ನು ಕತ್ತರಿಸಿ, ಬಟ್ಟೆಯ ಕರಡಿಗೆ ಖಾಲಿ ಲೋಟವನ್ನು ಮೂರು ಸಲ ಕುಡಿಸಿ, ಸೋಪಿನ ಡಬ್ಬಿಯಿಂದ ಫೋಟೋ ಹೊಡೆದು, ಕೈ ಝಾಡಿಸಿ ಎದ್ದಳು. ಲೋಟಕ್ಕೆ ನೀರು ಹಾಕಲಿಲ್ಲವೇಕೆ ಎಂದು ಗದರಿದೆ.

"ನೀರು ಹಾಕೂದು ಈ ಆಟದಾಗ ಇಲ್ಲಮ್ಮ."

ನನ್ನ ಕೈ ಮೇಲೆದ್ದಿತ್ತು. ಆದರೆ ಹೊಡೆಯುವುದು ಯಾರಿಗೆ? ಹುಡುಗಿ ಪಾಠದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಇಷ್ಟು ವರ್ಷ ಪೇಪರು ತಿದ್ದಿದ್ದೇನೆ, ಹೇಳಿಕೊಟ್ಟಿದ್ದನ್ನು ಇಷ್ಟು ಚೆನ್ನಾಗಿ ಒಪ್ಪಿಸಿದವರನ್ನು ಕಂಡಿಲ್ಲ. ಆ ದಿನ ಮೊದಲ ಸಲ ನನ್ನ ಸಿಟ್ಟಿಗೆ ಸರಿಯಾದ ವಿಳಾಸ ಸಿಕ್ಕಿತು.

ಮರುದಿನ ಬೆಳಿಗ್ಗೆ ಗಡಿಗೆ ತಿಕ್ಕಿ ತೊಳೆದು ನೀರು ತುಂಬಿದೆ. ಫ್ಲೆಕ್ಸು ಬಿಚ್ಚಿ, ಮುಖಗಳನ್ನು ಒಳಗೆ ಮಾಡಿ, ಗಡಿಗೆಗಳಿಗೆ ನೆರಳಾಗುವಂತೆ ಕಟ್ಟಿದೆ. ಅಧ್ಯಕ್ಷೆಯ ಫೋನು ತಕ್ಷಣ ಬಂತು, ಮುಖಗಳು ಕಾಣುತ್ತಿಲ್ಲವೆಂದು. ನೀರು ಕಾಣುತ್ತಿದೆ, ಬಂದು ಒಂದು ಕೊಡ ಹಾಕಿ ಎಂದೆ. ಆಕೆ ಬರಲಿಲ್ಲ. ಅಂದಿನಿಂದ ನನ್ನ ಪಾಳಿ ವಾರದ ಏಳೂ ದಿನ. ನಗುನಗುತ್ತ ಸೇವೆ ಮಾಡಿದೆನೆಂದು ತಿಳಿಯಬೇಡಿ. ಕುಡಿಯುವ ನೀರಿನಲ್ಲಿ ಬಾಯಿ ಮುಕ್ಕಳಿಸುವವನಿಗೆ, ಸರಪಳಿ ಕಟ್ಟಿದರೂ ಲೋಟ ಕದ್ದವನಿಗೆ, ಬಾರದ ಹತ್ತು ಮುಖಗಳಿಗೆ, ಎಲ್ಲರಿಗೂ ಬೈಯುತ್ತಲೇ ಕೊಡ ಹೊತ್ತೆ. ಸಿರಿ ತನ್ನ ಶಾಲೆಯ ಬಾಟಲಿ ತುಂಬಿಕೊಂಡು ಹಿಂದೆ ಹಿಂದೆ ಬರುತ್ತಿದ್ದಳು. ಅವಳಿಗೆ ಉಪದೇಶ ಮಾಡಲು ನನ್ನ ಬಾಯಿಗೆ ಬಿಡುವಿರಲಿಲ್ಲ.

ಮೊನ್ನೆ ಭಾನುವಾರ ಮತ್ತೆ ಅದೇ ಆಟ ಹೂಡಿದ್ದಳು. ರಿಬ್ಬನ್ನಿಲ್ಲ, ಸೋಪಿನ ಡಬ್ಬಿಯಿಲ್ಲ. ಮೂರೂ ಲೋಟ ತುಂಬಿ ತುಳುಕಿ ಹೊಸ ಜಮಖಾನೆ ತೊಯ್ದು ತೊಪ್ಪೆಯಾಗಿತ್ತು. ಅವಳು ಸೊಂಟದ ಮೇಲೆ ಕೈಯಿಟ್ಟು ಕರಡಿಯನ್ನು ತರಾಟೆಗೆ ತೆಗೆದುಕೊಂಡಿದ್ದಳು.

"ಕುಡಿಯಾಕ ಅಷ್ಟ ಬರ್ತೀರಿ, ಒಂದು ಕೊಡ ತುಂಬಾಕ ಬರಂಗಿಲ್ಲ. ನಾಚಿಕಿ ಇಲ್ಲೇನು ನಿಮಗ?"

ಧ್ವನಿ ನನ್ನದೇ, ನಿಂತ ಭಂಗಿಯೂ ನನ್ನದೇ. ಜಮಖಾನೆಗಾಗಿ ಬೈಯಲು ಬಾಯಿ ತೆರೆದೆ. ಅವಳು ಅದಕ್ಕೇ ಕಾದಿದ್ದವಳಂತೆ ಒಂದು ಲೋಟ ನನ್ನ ಬಾಯಿಗೆ ಹಿಡಿದಳು. ಕುಡಿದೆ. ಈ ಸಲ ಅದರಲ್ಲಿ ನೀರಿತ್ತು.