ಹಲಗೆ ಒಂದೇ ಇತ್ತು

ಸೌತೆಕಾಯಿ ಹೆಚ್ಚಿದಾಗ ಏಳುವ ವಾಸನೆ ನಿಮಗೆಲ್ಲ ಹಿತವೇ ಇರಬೇಕು. ನನಗೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಮೊನ್ನೆ ಭಾನುವಾರ ಮಗಳು ಅಡುಗೆಮನೆಯಲ್ಲಿ ಕೈಗೆ ಸಿಕ್ಕ ಹೆಚ್ಚುವ ಹಲಗೆಯ ಮೇಲೆ ಸೌತೆಕಾಯಿ ಇಟ್ಟಳು. “ಏಯ್, ಅದಲ್ಲ!” ಎಂದು ಕಿರುಚಿಬಿಟ್ಟೆ. “ಅಪ್ಪಾ, ಇಟ್ಸ್ ಜಸ್ಟ್ ಎ ಬೋರ್ಡ್,” ಎಂದಳು. ಕಲ್ಕತ್ತೆಯಲ್ಲೇ ಹುಟ್ಟಿ ಬೆಳೆದವಳು. ಕನ್ನಡದಲ್ಲಿ ಬೈಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಅವಳಿಗೆ ಏನು ಹೇಳಲಿ? ಬಸುವಿಗೇ ಹೇಳಿರಲಿಲ್ಲ.

ಬಸು ಧಾರವಾಡದವನು. ಕಂಪ್ಯೂಟರ್ ಕಂಪನಿಗಳು ಊರೂರಿಂದ ಹುಡುಗರನ್ನು ಬಾಚಿಕೊಳ್ಳುತ್ತಿದ್ದ ಕಾಲದಲ್ಲಿ ನಾವಿಬ್ಬರೂ ಇಲ್ಲಿಗೆ ಬಂದು ಬಿದ್ದು, ಲೇಕ್ ಗಾರ್ಡನ್ಸ್‌ನಲ್ಲಿ ಒಂದು ಮನೆ ಹಿಡಿದಿದ್ದೆವು. ಅವನು ಅಪ್ಪಟ ಸಸ್ಯಾಹಾರಿ. ನಾನೂ ಹಾಗೇ ಬೆಳೆದವನು. ಮೈಸೂರಿನ ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರೆತ್ತಿದರೂ ಅಜ್ಜಿ ಬಾಯಿ ತೊಳೆಸುತ್ತಿದ್ದಳು. ಕಲ್ಕತ್ತೆಗೆ ಬಂದ ಮೂರೇ ತಿಂಗಳಿಗೆ ಕೆಟ್ಟೆ. ಹೊಸದಾಗಿ ಕೆಟ್ಟವನ ಮಡಿ ನೋಡಬೇಕು ನೀವು! ಕೋಳಿ ಬೇಯಿಸಲು ಗರಿಯಾಹಾಟ್ ಮಾರುಕಟ್ಟೆಯಿಂದ ಬೇರೆ ಬಾಣಲೆ ತಂದೆ, ಬೇರೆ ಸೌಟು, ಬೇರೆ ತಟ್ಟೆ. ಬಸುವಿನ ಪಾತ್ರೆಗೆ ಸೋಕದಂತೆ ಎಲ್ಲವನ್ನೂ ಬಾಲ್ಕನಿಯಲ್ಲಿ ಇಡುತ್ತಿದ್ದೆ. ಹಲಗೆ ಮಾತ್ರ ಒಂದೇ ಇತ್ತು. ಅದು ಪಾತ್ರೆಯಲ್ಲ ನೋಡಿ, ನನ್ನ ಮಡಿಯ ಲೆಕ್ಕಕ್ಕೇ ಬರಲಿಲ್ಲ.

ಆಗಿನ ಒಂದು ಭಾನುವಾರ ಅದರ ಮೇಲೆ ಕೋಳಿಯ ತುಂಡುಗಳನ್ನು ಸಣ್ಣಗೆ ಕತ್ತರಿಸಿ, ಹಲಗೆಯನ್ನು ಬಟ್ಟೆಯಲ್ಲಿ ಒರೆಸಿ, ಅದರ ಮೇಲೇ ಬಸುವಿನ ಕೋಸಂಬರಿಗೆ ಸೌತೆಕಾಯಿ ಹೆಚ್ಚಿದೆ. “ಭಾರಿ ಆಗೇತಲೇ,” ಎಂದು ಬಟ್ಟಲು ಬಳಿದು ತಿಂದ. ನನಗೆ ಕೋಳಿಯಲ್ಲೇ ಹೊಟ್ಟೆ ತುಂಬಿತ್ತು.

ಮೂರನೆಯ ದಿನ ಅವನ ಹೊಟ್ಟೆ ಕೆಟ್ಟಿತು. ಹಿಂದಿನ ಸಂಜೆ ಬೀದಿಯಲ್ಲಿ ತಿಂದ ಫುಚ್ಕಾ, ಅಂದರೆ ಇಲ್ಲಿನ ಪಾನಿಪುರಿಯ ಮೇಲೆ ತಪ್ಪು ಹೊರಿಸಿದೆವು. ಗುಣವಾಯಿತು, ಮರೆತೆವು. ಹತ್ತು ದಿನದ ಮೇಲೆ ಪಾದ ಜುಮ್ಮೆನ್ನುತ್ತಿದೆ ಎಂದ. ಮರುದಿನ ರೈಲ್ವೆ ಸ್ಟೇಷನ್ನಿನ ಮೆಟ್ಟಿಲಲ್ಲಿ ಕುಸಿದು ಕೂತು, “ಕಾಲು ನನ್ನ ಮಾತು ಕೇಳವಲ್ವು,” ಎಂದು ನಕ್ಕ. ಅದರ ಮರುದಿನ ನೀರಿನ ಲೋಟವನ್ನೂ ಎತ್ತಲಾಗಲಿಲ್ಲ.

ಅಲಿಪುರದ ಆಸ್ಪತ್ರೆಯಲ್ಲಿ ವಯಸ್ಸಾದ ಬಂಗಾಳಿ ಡಾಕ್ಟರು ಹಿಂದಿಯಲ್ಲಿ ಬಿಡಿಸಿ ಹೇಳಿದರು. ಹೊಟ್ಟೆಗೆ ಹೊಕ್ಕ ಬ್ಯಾಕ್ಟೀರಿಯಾವನ್ನು ಮೈಯ ಕಾವಲುಪಡೆ ಹೊಡೆದು ಹಾಕಿದೆ. ಆದರೆ ಅದರ ಹೊರಮೈ ನಮ್ಮ ನರಗಳ ಹೊರಮೈಯನ್ನೇ ಹೋಲುತ್ತದಂತೆ. ಕಳ್ಳ ಹೋದ ಮೇಲೂ ಕಾವಲುಗಾರರು ಮನೆಯವರನ್ನೇ ಬಡಿಯುತ್ತಿದ್ದಾರೆ. “ಹೀಗಾಗುವುದು ಅಪರೂಪ. ಹೆಚ್ಚಿನವರು ಎದ್ದು ನಡೆಯುತ್ತಾರೆ. ಉಸಿರಿನದೇ ಚಿಂತೆ. ಸರಿಯಾಗಿ ಬೇಯದ ಕೋಳಿ ಏನಾದರೂ ತಿಂದಿದ್ದನೇ?”

“ಇಲ್ಲ ಸಾರ್, ಶುದ್ಧ ಸಸ್ಯಾಹಾರಿ,” ಎಂದೆ. ಎಂದ ಕ್ಷಣವೇ ಹಲಗೆ ಕಣ್ಣ ಮುಂದೆ ಬಂತು. ಬಾಯಿ ಬಿಡಲಿಲ್ಲ. ಹೇಳಿದ್ದರೂ ಔಷಧಿ ಬದಲಾಗುತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು. ಆಗ ಗೊತ್ತಿರಲಿಲ್ಲವಲ್ಲ!

ಅವನ ಉಸಿರಿನ ಬಲ ನೋಡಲು ಒಂದೇ ಉಸಿರಿನಲ್ಲಿ ಎಣಿಸಲು ಹೇಳುತ್ತಿದ್ದರು. ಬಸು ಕನ್ನಡದಲ್ಲೇ ಎಣಿಸುತ್ತಿದ್ದ. ಇಪ್ಪತ್ತೆರಡು ಇದ್ದದ್ದು ಹದಿನಾಲ್ಕಾಯಿತು, ಹನ್ನೊಂದಾಯಿತು. ಇನ್ನೂ ಇಳಿದರೆ ಉಸಿರಾಟದ ಯಂತ್ರ. ಕನ್ನಡ ಬಾರದ ನರ್ಸಮ್ಮ ಎಷ್ಟಾಯಿತೆಂದು ನನ್ನ ಮುಖ ನೋಡುತ್ತಿದ್ದರು. ಎರಡು ಸೇರಿಸಿ ಹೇಳೋಣವೇ ಎನ್ನಿಸುತ್ತಿತ್ತು; ಹೇಳಲಿಲ್ಲ. ಇದ್ದ ಒಂದು ಸುಳ್ಳೇ ನನಗೆ ಸಾಕಾಗಿತ್ತು. ಐದು ದಿನ ರಕ್ತನಾಳಕ್ಕೆ ಔಷಧಿ ಹರಿಸಿದರು. ಕೊನೆಗೊಮ್ಮೆ ಅವನು “ಹದಿಮೂರು” ಎಂದಾಗ ಹೊರಗೆ ಬಂದು ಗೋಡೆಗೆ ಒರಗಿ ಅತ್ತುಬಿಟ್ಟೆ.

ಧಾರವಾಡದಿಂದ ಓಡಿ ಬಂದ ಅವನವ್ವ, “ಆ ಪಾನಿಪುರಿಯಾಂವನ ಕೈ ಮುರೀಲಿ,” ಎಂದು ಶಪಿಸುತ್ತಿದ್ದರು. ನನ್ನ ತಲೆ ಸವರಿ, “ನೀ ಇರದಿದ್ರ ನನ್ನ ಮಗಾ ಉಳೀತಿದ್ದಿಲ್ಲಪಾ,” ಎನ್ನುತ್ತಿದ್ದರು. ಆ ಕೈ ತಲೆಯ ಮೇಲೆ ಸುಡುತ್ತಿತ್ತು. ಏಳು ತಿಂಗಳಿಗೆ ಬಸು ಕೋಲಿಲ್ಲದೆ ನಡೆದ. ಆಗಲೂ ಹೇಳಲಿಲ್ಲ.

ಮೊನ್ನೆ ಮಗಳನ್ನು ಸಮಾಧಾನ ಮಾಡಿ, ಫೋನ್ ತೆಗೆದುಕೊಂಡು ಒಳಗೆ ಹೋದೆ. ಬಸು ಈಗ ಹುಬ್ಬಳ್ಳಿಯಲ್ಲಿದ್ದಾನೆ. ಎಲ್ಲ ಹೇಳಿದೆ. ಅದರಿಂದಲೇ ಬಂತೆಂದು ಖಾತ್ರಿಯಿಲ್ಲ, ಫುಚ್ಕಾ ಆಗಿದ್ದರೂ ಆಗಿರಬಹುದು, ಆದರೂ ಹೇಳಬೇಕಿತ್ತು ಎಂದೆ.

“ಅಂದ್ರ, ನಾ ಕೋಳಿ ತಿಂದಂಗಾತಲ್ಲೋ!”

ಕಾಲಿನ ಮಾತೇ ಇಲ್ಲ! ನಗಬೇಕೋ ಅಳಬೇಕೋ ತಿಳಿಯದೆ, “ಕ್ಷಮಿಸೋ,” ಎಂದೆ.

“ಇಷ್ಟು ವರ್ಷ ಇದನ್ನ ನೀ ಒಬ್ಬಾಂವನ ಹೊತ್ಕೊಂಡು ತಿರಗೀದಿ, ಹುಚ್ಚಪ್ಪಾ,” ಎಂದ. ಆಮೇಲೆ ದನಿ ತಗ್ಗಿಸಿದ. “ಅವ್ವ ಇಲ್ಲೇ ಬಾಜೂಕ ಕೂತಾಳ. ದಿನಾ ನಿನ್ನ ಹೆಸರು ಹೇಳಿ ದೀಪ ಹಚ್ಚತಾಳ. ಆಕಿಗೆ ಹೇಳೂದು ಬ್ಯಾಡ. ನಿನ್ನ ಸಲುವಾಗಿ ಅಲ್ಲ, ಆಕಿ ಸಲುವಾಗಿ.”

ಫೋನು ಅವ್ವನ ಕೈಗೆ ಹೋಯಿತು. “ಊಟಾ ಆತೇನಪಾ?” ಎಂದರು.

“ಆತವ್ವಾ,” ಎಂದೆ. ಹಿಂದೆ ಬಸು ನಗುವುದು ಕೇಳಿಸುತ್ತಿತ್ತು.