ಬಡಗಿಯ ಪುಸ್ತಕ, ಸಾಹೇಬರ ಸಂಶೋಧನೆ

ನಮ್ಮ ಎಂಜಿನಿಯರ್ ಸಾಹೇಬರು ಜಾನಪದವನ್ನು ಕಂಡುಹಿಡಿದದ್ದು ರಿಯಾದಿನ ಮಲಾಜ್ ಬಡಾವಣೆಯಲ್ಲಿ, ತಮ್ಮ ಮನೆಯ ಸೋಫಾದ ಮೇಲೆ ಕೂತುಕೊಂಡು. ಅದಕ್ಕೆ ಮೊದಲು ಅವರ ಮಟ್ಟಿಗೆ ಹಳ್ಳಿ ಎಂದರೆ ಬೆಂಗಳೂರಿನಿಂದ ಹೊರಟ ಕಾರು ಪಂಕ್ಚರ್ ಆಗುವ ಜಾಗ. ಎಂಬತ್ತರ ದಶಕದ ನಡುಭಾಗ ಅದು. ಕಟ್ಟಡ ಕಟ್ಟುವ ಒಂದು ಕಂಪನಿಯಲ್ಲಿ ನಾನು ನಕ್ಷೆ ಬರೆಯುವವ, ಅವರು ನನ್ನ ಮೇಲಧಿಕಾರಿ. ಬಾಲ್ಯದಲ್ಲಿ ಎಂಟು ವರ್ಷ ಸಂಗೀತ ಕಲಿತಿದ್ದಾಗಿ ಹೇಳುತ್ತಿದ್ದರು. ಅವರು ಹಾಡಿದ್ದನ್ನು ನಾವು ಒಮ್ಮೆಯೂ ಕೇಳಲಿಲ್ಲ. ಬೇರೆಯವರು ಹಾಡುವಾಗ ಕಣ್ಣು ಮುಚ್ಚಿ, ತಾಳ ತಪ್ಪಿ ತಲೆಯಾಡಿಸುವುದನ್ನು ಮಾತ್ರ ನೋಡಿದ್ದೇವೆ.

ಅವರ ಕೈಗೆ ಸಿಕ್ಕಿದವರು ನನ್ನ ರೂಮಿನಲ್ಲಿದ್ದ ಬಡಗಿ. ಕಾರ್ಕಳದ ಕಡೆಯ ಹಳ್ಳಿಯವರು, ನನಗಿಂತ ಹತ್ತು ವರ್ಷ ದೊಡ್ಡವರು. ಬಡಗಿಯಣ್ಣ ಎಂದೇ ನಾನು ಕರೆಯುತ್ತಿದ್ದುದು. ಊರಲ್ಲಿ ಮದುವೆಗೂ ಭಜನೆಗೂ ಪಿಟೀಲು ನುಡಿಸುತ್ತಿದ್ದವರು ಸೌದಿಗೆ ಬರುವಾಗ ಉಳಿ ಸುತ್ತಿಗೆ ಬಿಟ್ಟು ಪಿಟೀಲು ತಂದಿದ್ದರು. ಉಳಿಯನ್ನು ಕಂಪನಿಯೇ ಕೊಡುತ್ತದಲ್ಲ. ಶುಕ್ರವಾರ ಬೆಳಿಗ್ಗೆ ಕಿಟಕಿ ಮುಚ್ಚಿ, ಗೋಡೆಗೆ ಮುಖ ಮಾಡಿ ನುಡಿಸುತ್ತಿದ್ದರು. ಒಂದು ದಪ್ಪ ನೋಟ್ ಪುಸ್ತಕದಲ್ಲಿ ಅರುವತ್ತಕ್ಕೂ ಹೆಚ್ಚು ಮಟ್ಟುಗಳನ್ನು ಸರಿಗಮದಲ್ಲಿ ಬರೆದಿಟ್ಟಿದ್ದರು. ಪ್ರತಿಯೊಂದರ ಕೆಳಗೂ ಒಂದೇ ಒಂದು ಪದ: ನೀರು, ಲಾರಿ, ಕಾವಲು, ಹೀಗೆ. ಅದೇನೆಂದು ನಾನು ಕೇಳಿದವನಲ್ಲ. ವಾರವಾರವೂ ಕಿವಿಗೆ ಬೀಳುತ್ತಿದ್ದ ಆ ಪಿಟೀಲಿನ ಬಗ್ಗೆ ನನಗಿದ್ದ ಆಸಕ್ತಿ ತಾರಸಿಯ ಮೇಲಿನ ನೀರಿನ ಪಂಪಿನ ಬಗ್ಗೆ ಇದ್ದಷ್ಟೆ.

ಸಾಹೇಬರ ಮನೆಯಲ್ಲಿ ಕನ್ನಡದವರು ಸೇರಿದ್ದ ಒಂದು ಶುಕ್ರವಾರ ಯಾರದೋ ಒತ್ತಾಯಕ್ಕೆ ಬಡಗಿಯಣ್ಣ ಪಿಟೀಲು ನುಡಿಸಿದರು. ಸಾಹೇಬರು ಪುಸ್ತಕ ತಿರುವಿ ಹಾಕಿ, ಸಾವಿರ ವರ್ಷ ಹಳೆಯ ಹಾಡುಗಳಿವು, ಇವುಗಳ ಬಗ್ಗೆ ನಾನೇ ಲೇಖನ ಬರೆಯುತ್ತೇನೆ ಎಂದು ಘೋಷಿಸಿ ಅದನ್ನು ಇಟ್ಟುಕೊಂಡರು. ವಾರದೊಳಗೆ ಬಡಗಿಯಣ್ಣನನ್ನು ಜಿದ್ದಾದ ಕೆಲಸಕ್ಕೆ ಮೂರು ತಿಂಗಳ ಮಟ್ಟಿಗೆ ಕಳಿಸಲಾಯಿತು. ನನ್ನ ಅಕ್ಷರ ಚೆನ್ನಾಗಿದೆಯೆಂದು ಪುಸ್ತಕದ ಪ್ರತಿ ಮಾಡುವ ಕೆಲಸ ನನಗೆ ಬಿತ್ತು.

ಮಟ್ಟುಗಳ ಮೂಲವನ್ನು ಸಾಹೇಬರು ಹುಡುಕಿದ ಬಗೆ ಸರಳ. ಕೆಳಗಿನ ಪದ ಓದುವುದು, ಕಣ್ಣು ಮುಚ್ಚುವುದು, ಮೂಲ ಹೇಳುವುದು. 'ನೀರು' ಎಂದಿದ್ದರೆ ಕರಾವಳಿಯ ನಾಟಿ ಹಾಡು. 'ಕಾವಲು' ಎಂದಿದ್ದರೆ ಹೊಲ ಕಾಯುವವರ ಹಾಡು. ಒಂದರ ಕೆಳಗೆ 'ಬೆಲ್ಲು' ಎಂದಿತ್ತು. ಪಾಪ, ಬೆಲ್ಲ ಅಂತ ಬರೆಯೋಕೂ ಬರಲ್ಲ ಎಂದು ಮರುಗಿ, ಅದನ್ನು ಆಲೆಮನೆಯಲ್ಲಿ ಬೆಲ್ಲ ಕಾಯಿಸುವಾಗಿನ ಹಾಡೆಂದು ತೀರ್ಮಾನಿಸಿದರು. ಬಡಗಿಯಣ್ಣ ಆ ಶುಕ್ರವಾರ ನುಡಿಸಿದ್ದ ಆ ಮಟ್ಟನ್ನು ಮೊದಲೇ ಎಲ್ಲೋ ಕೇಳಿದ ಹಾಗಿದೆ, ರಕ್ತದಲ್ಲೇ ಬಂದಿರಬೇಕು ಎಂದೂ ಸೇರಿಸಿದರು. ನಾನು ಪ್ರತಿಯಲ್ಲಿ 'ಬೆಲ್ಲ' ಎಂದು ತಿದ್ದಿ ಬರೆದೆ.

ಬಡಗಿಯಣ್ಣನಿಗೇ ಒಂದು ಕಾಗದ ಬರೆದು ಕೇಳಬಹುದಲ್ಲ ಎಂದು ಒಮ್ಮೆ ಹೇಳಿ ನೋಡಿದೆ.

"ಅವನಿಗೇನ್ರೀ ಗೊತ್ತಿರುತ್ತೆ?" ಅಂದರು ಸಾಹೇಬರು. "ನುಡಿಸೋನು ನುಡಿಸ್ತಾನೆ. ಮೂಲ ಹುಡುಕೋದು ನಮ್ಮಂಥವರ ಕೆಲಸ."

ಆ ನಡುವೆ ಅಳತೆಯ ಕೆಲಸಕ್ಕೆಂದು ಪೂರ್ವದ ಕಡೆಯ ಅಲ್ ಅಹ್ಸಾಕ್ಕೆ ಹೋದೆ. ನಮ್ಮ ಸೈಟಿನ ಬೇಲಿಯ ಆಚೆಯೇ ಖರ್ಜೂರದ ತೋಟ. ಅಲ್ಲಿ ಒಬ್ಬ ಮುದುಕ ಕಾಲುವೆಯ ಮಣ್ಣು ತೆಗೆದು ಮರಗಳಿಗೆ ನೀರು ಬಿಡುತ್ತ ಗುನುಗುತ್ತಿದ್ದ. ಬಡಗಿಯಣ್ಣನ 'ನೀರು', ಸಾಹೇಬರ ಪ್ರಕಾರ ನಮ್ಮ ಕರಾವಳಿಯ ನಾಟಿ ಹಾಡು! ಅಳತೆಯ ಟೇಪು ಹಿಡಿದವನು ಹಾಗೆಯೇ ನಿಂತುಬಿಟ್ಟೆ. ಮುರುಕು ಅರಬ್ಬಿಯಲ್ಲಿ ವಿಚಾರಿಸಿದಾಗ, ಎರಡು ವರ್ಷದ ಹಿಂದೆ ಒಬ್ಬ 'ಹಿಂದಿ', ಅಂದರೆ ಇಂಡಿಯಾದ, ಬಡಗಿ ಬೇಲಿಯ ಮೇಲೆ ಕೂತು ಇದನ್ನು ಕಲಿತುಕೊಂಡ, ಮೂರನೆಯ ಸಾಲು ಮಾತ್ರ ಅವನಿಗೆ ಸರಿಯಾಗಿ ಬರಲಿಲ್ಲ ಎಂದ.

ನನಗೆ ಆದ ಸಂತೋಷ ಸಂಗೀತದ್ದಲ್ಲ. ಸಾಹೇಬರು ಬೋರಲು ಬೀಳುವುದನ್ನು ನೋಡಬಹುದು ಎಂಬ ಕೊಳಕು ಸಂತೋಷ ಅದು.

ಬಡಗಿಯಣ್ಣ ಜಿದ್ದಾದಿಂದ ಇನ್ನೂ ಮೂರು ಮಟ್ಟು ಹೊತ್ತುಕೊಂಡು ಬಂದರು. ನನ್ನ ಪ್ರತಿಯನ್ನು ಮುಂದಿಟ್ಟು ಒಂದೊಂದರ ಮೂಲ ಕೇಳಿದೆ. 'ಕಾವಲು' ಸುಡಾನಿನ ಕಾವಲುಗಾರನದ್ದು. 'ಲಾರಿ' ಪೇಶಾವರದ ಚಾಲಕನದ್ದು. ಊರಿನವೂ ಇದ್ದವು, ಸೋದರಮಾವ ಕಲಿಸಿದವು. ಬೆಲ್ಲದ ಹಾಡು ಎಂದಾಗ ಅವರಿಗೆ ಅರ್ಥವೇ ಆಗಲಿಲ್ಲ. ಸ್ವರ ಓದಿ ನಕ್ಕರು.

"ಬೆಲ್ಲ ಅಲ್ಲ ಮಾರಾಯ್ರೆ, ಬೆಲ್ಲು. ಸಾಹೇಬರ ಮನೆಯ ಬಾಗಿಲಿನ ಬೆಲ್ಲು. ಅಡುಗೆಮನೆ ಕಪಾಟು ರಿಪೇರಿಗೆ ಹೋದಾಗ ಬಾಗಿಲು ತೆಗೀಲಿಕ್ಕೆ ತಡ ಆಯ್ತು. ಮೂರು ಸಲ ಒತ್ತಿದ ಮೇಲೆ ಪೂರ್ತಿ ಸಿಕ್ಕಿತು."

ಜಪಾನಿನಿಂದ ಬಂದ, ಒತ್ತಿದರೆ ಹಾಡುವ ಬೆಲ್ ಅದು. ಸಾಹೇಬರು ಬಾಗಿಲು ತೆರೆಯುವ ಪೈಕಿಯವರಲ್ಲವಾದ್ದರಿಂದ ಅದನ್ನು ಗಮನವಿಟ್ಟು ಕೇಳಿರಲಿಕ್ಕಿಲ್ಲ. ಪಿಟೀಲಿನಲ್ಲಿ ನಿಧಾನವಾಗಿ ಎಳೆದಾಗ ರಕ್ತ ಕೂಗಿತು.

ಲೇಖನ ಓದುವ ಶುಕ್ರವಾರ ಬಂತು. ಸಾಹೇಬರು ಬೆವರಿನ ಹಾಡು, ಮಣ್ಣಿನ ವಾಸನೆ ಎಂದೆಲ್ಲ ಓದಿ, ಬೆಲ್ಲದ ಹಾಡು ನುಡಿಸುವಂತೆ ಬಡಗಿಯಣ್ಣನಿಗೆ ಸನ್ನೆ ಮಾಡಿದರು. ಅವರು ನನ್ನ ಮುಖ ನೋಡಿದರು. ನಾನು ಕಾರ್ಪೆಟ್ ನೋಡಿದೆ. ನುಡಿಸತೊಡಗಿ ಅರ್ಧವಾಗುವಷ್ಟರಲ್ಲಿ, ತಡವಾಗಿ ಬಂದ ಯಾರೋ ಹೊರಗೆ ಬೆಲ್ ಒತ್ತಿದರು. ಎರಡೂ ಜೊತೆಯಾಗಿ ಕೇಳಿಸಿದವು. ಸಾಹೇಬರ ಮಗಳು, "ಡ್ಯಾಡಿ, ಅದು ನಮ್ಮ ಡೋರ್‌ಬೆಲ್ ಅಲ್ವಾ?" ಎಂದಳು.

ಇನ್ನು ಮುಗಿಯಿತು ಅಂದುಕೊಂಡೆ. ಸಾಹೇಬರ ಪ್ರತಿಭೆಯನ್ನು ನಾನು ಕಡಿಮೆ ಅಂದಾಜು ಮಾಡಿದ್ದೆ. ಅವರು ಕನ್ನಡಕ ತೆಗೆದು ಒರೆಸಿ, ಗಂಭೀರವಾಗಿ ಹೇಳಿದರು:

"ನೋಡಿ, ನಮ್ಮ ಆಲೆಮನೆಯ ಹಾಡು ಜಪಾನಿನವರೆಗೆ ಹೋಗಿದೆ."

ಎಲ್ಲರೂ ತಲೆಯಾಡಿಸಿದರು. ಊರಿಗೆ ಹೋಗುವ ನನ್ನ ರಜೆಯ ಅರ್ಜಿ ಅವರ ಮೇಜಿನ ಮೇಲಿತ್ತು. ನಾನೂ ತಲೆಯಾಡಿಸಿದೆ. ಆ ವರ್ಷ ಊರಿನ ಯಾವುದೋ ಸ್ಮರಣ ಸಂಚಿಕೆಯಲ್ಲಿ ಜಪಾನ್ ಸಮೇತ ಲೇಖನ ಅಚ್ಚಾಯಿತು. ಪ್ರತಿ ಮಾಡಿಕೊಟ್ಟವನೆಂದು ನನ್ನ ಹೆಸರಿತ್ತು. ಬಡಗಿಯಣ್ಣ 'ಓರ್ವ ಅನಕ್ಷರಸ್ಥ ಕಲಾವಿದ' ಆಗಿದ್ದರು.

ಲೇಖನ ಓದಿದ ದಿನವೇ ಬಡಗಿಯಣ್ಣ ಟೀಪಾಯಿ ಮೇಲಿದ್ದ ತಮ್ಮ ಪುಸ್ತಕವನ್ನು ಎತ್ತಿಕೊಂಡು, ಯಾರನ್ನೂ ಕೇಳದೆ, ಪಿಟೀಲಿನ ಪೆಟ್ಟಿಗೆಗೆ ಹಾಕಿಕೊಂಡಿದ್ದರು. ದಾರಿಯಲ್ಲಿ ನನ್ನನ್ನು ಬಯ್ಯಲಿಲ್ಲ. ಕೊಟ್ಟವರ ಗುರುತು ಹೇಳದೆ ನುಡಿಸಿದರೆ ಕದ್ದ ಹಾಗೆ ಆಗ್ತದೆ ಎಂದಷ್ಟೇ ಅಂದರು. ಬಯ್ದಿದ್ದರೆ ನನಗೆ ಇನ್ನಷ್ಟು ಹಗುರಾಗುತ್ತಿತ್ತು.

ಮುಂದಿನ ಸಲ ಅಲ್ ಅಹ್ಸಾಕ್ಕೆ ಹೋಗುವಾಗ ಅವರನ್ನೂ ಪಿಕಪ್‌ನಲ್ಲಿ ಕರೆದುಕೊಂಡು ಹೋದೆ. ಸುಮ್ಮನಿದ್ದ ತಪ್ಪಿಗೆ ನಾನು ಕಟ್ಟಿದ ದಂಡ ಅಷ್ಟೆ. ಮುದುಕ ಅವರನ್ನು ಕಂಡೊಡನೆ ಗುದ್ದಲಿ ಬಿಟ್ಟು ಬಂದು, ಖರ್ಜೂರ, ಕಹ್ವಾ ಕಾಫಿ ಮುಂದಿಟ್ಟು, ಮೂರನೆಯ ಸಾಲನ್ನು ಹಿಡಿದು ತಿದ್ದಿಸಿದ. ಮಟ್ಟು ನಿಮಗೆ ಯಾರಿಂದ ಬಂತು ಎಂದು ಬಡಗಿಯಣ್ಣ ಕೇಳಿದರು. ತನ್ನ ಸೋದರಮಾವನಿಂದ ಎಂದ ಮುದುಕ. ಆ ಮಾವ ಹಾಯಿ ಹಡಗಿನಲ್ಲಿ ಹಿಂದ್‌ಗೆ ಹೋಗಿ ಮರ, ಹೆಂಚು ತುಂಬಿಸಿಕೊಂಡು ಬರುತ್ತಿದ್ದನಂತೆ. ಒಂದು ಬಂದರಿನಲ್ಲಿ ಗಾಳಿಗಾಗಿ ಕಾದು ಕೂತಾಗ, ಗದ್ದೆಯಲ್ಲಿ ಹೆಂಗಸರು ಬಗ್ಗಿ ಕೆಲಸ ಮಾಡುತ್ತ ಹಾಡಿದ್ದನ್ನು ಕೇಳಿ ಕಲಿತನಂತೆ. ಬಂದರಿನ ಹೆಸರನ್ನು ಮುದುಕ ಮಂಗಳೂರು ಅಂದನೋ ಮಂಜೇಶ್ವರ ಅಂದನೋ, ಸರಿಯಾಗಿ ತಿಳಿಯಲಿಲ್ಲ.

ಬಡಗಿಯಣ್ಣ ಪುಸ್ತಕ ತೆಗೆದು 'ನೀರು' ಎಂಬುದರ ಮುಂದೆ 'ಮಂಜಿ' ಎಂದು ಬರೆದರು. ನಮ್ಮ ಕಡೆ ಹಾಯಿ ಹಡಗಿಗೆ ಹಾಗೆ ಹೇಳುವುದು. ಆಮೇಲೆ ಕೇಳಿದರು: "ನಾಟಿ ಹಾಡು ಅಂತ ಸಾಹೇಬರು ಹೇಳಿದ್ದು ಸರಿಯೇ ಆಯ್ತಲ್ಲ. ಒಂದು ಮಾತು ತಿಳಿಸ್ಲಿಕ್ಕಿಲ್ವಾ?"

ತಿಳಿಸುವ ಎಂದೆ. ಆಮೇಲೆ ನಾಲ್ಕು ವರ್ಷ ಸಾಹೇಬರ ಕೈಕೆಳಗೆ ಕೆಲಸ ಮಾಡಿದೆ, ತಿಳಿಸಲಿಲ್ಲ. ಕಣ್ಣು ಮುಚ್ಚಿ ಹೇಳಿದ್ದು ನಿಜವಾಗಿತ್ತು ಎಂಬ ಖುಷಿಯನ್ನು ಆ ಮನುಷ್ಯನಿಗೆ ಕೊಡುವಷ್ಟು ದೊಡ್ಡ ಮನಸ್ಸು ನನ್ನದಾಗಿರಲಿಲ್ಲ.