ಗಂಧ ಹಚ್ಚಿದ ಮದರ್‌ಬೋರ್ಡ್

ನನ್ನ ಕಂಪ್ಯೂಟರಿನ ಒಳಗೆ ಗಂಧ ಹಚ್ಚಿದವರು ಯಾರು ಎಂಬ ಬಗ್ಗೆ ನಮ್ಮ ಕುಟುಂಬದಲ್ಲಿ ಈಗ ಎರಡು ಅಭಿಪ್ರಾಯಗಳಿವೆ. ನನಗಿರುವುದು ಒಂದೇ. ಹಚ್ಚಿದವರು ನನ್ನ ಸೋದರಮಾವ; ನಾನು ಎದುರಿಗೇ ಇದ್ದೆ.

ಎಂಬತ್ತರ ದಶಕದ ಕೊನೆಯ ವರ್ಷಗಳವು. ಕುದ್ರೋಳಿಯಲ್ಲಿ ಕುಟುಂಬದ ಕಟ್ಟಡದ ಮುಂದಿನ ಕೋಣೆಯಲ್ಲಿ ನಾನು ಟೈಪಿಂಗ್ ಕೆಲಸ ನಡೆಸುತ್ತಿದ್ದೆ. ನಮ್ಮದು ಅಳಿಯಸಂತಾನದ ಮನೆತನ; ಆಸ್ತಿ ಹೆಣ್ಣುಮಕ್ಕಳ ಸಾಲಿನಲ್ಲಿ ಇಳಿದರೂ ಯಜಮಾನಿಕೆ ಸೋದರಮಾವನದು. ಕಾನೂನು ಬದಲಾಗಿದ್ದರೂ ಕಟ್ಟಡದ ವಿಷಯದಲ್ಲಿ ಮಾವನದೇ ಕೊನೆಯ ಮಾತು. ಯಾವುದೋ ಕಚೇರಿ ಬಳಸಿ ಬಿಟ್ಟಿದ್ದ ಕಂಪ್ಯೂಟರನ್ನು ನಾನು ಬಳೆ ಮಾರಿ ಕೊಂಡಿದ್ದೆ.

ಆಯುಧಪೂಜೆಯಂದು ಮಾವ ತಮ್ಮ ಲಾರಿಗಳ ಪೂಜೆ ಮುಗಿಸಿ, ಫಿಟ್ಟರನನ್ನೂ ಕರೆದುಕೊಂಡು ನನ್ನ ಕೋಣೆಗೆ ಬಂದರು.

“ಡಬ್ಬಕ್ಕೆ ಹಚ್ಚಿದರೆ ಎಂತ ಪ್ರಯೋಜನ? ಕೆಲಸ ಮಾಡುವುದು ಒಳಗಿನದ್ದಲ್ವಾ? ಮುಚ್ಚಳ ತೆಗಿ.”

“ಮಾವ, ಅದಕ್ಕೆ ನೀರು ತಾಗಬಾರದು.”

“ಗಂಧ ನೀರಾ ಮಾರಾಯ್ತಿ?”

ಉರಿಯುವ ಆರತಿಯ ತಟ್ಟೆ ನನ್ನ ಕೈಯಲ್ಲಿತ್ತು. ಅದನ್ನು ಕೆಳಗಿಡುವಷ್ಟರಲ್ಲಿ ಫಿಟ್ಟರ್ ಮುಚ್ಚಳ ಬಿಚ್ಚಿದ್ದ. ಮಾವ ಮದರ್‌ಬೋರ್ಡಿಗೆ ಹಸಿ ಗಂಧ, ಕುಂಕುಮ ಹಚ್ಚಿ, ತೀರ್ಥ ಚಿಮುಕಿಸಿ, ತಾವೇ ಸ್ವಿಚ್ ಹಾಕಿದರು. ಚಟ್ ಎಂದಿತು. ಸುಟ್ಟ ವಾಸನೆ ಬಂತು. “ಹಳೇ ಸಾಮಾನು ತೆಗೊಂಡರೆ ಹೀಗೇ,” ಎಂದು ಅವರು ಹೊರಟೇಹೋದರು. ಮರುದಿನ ಹೇಳಿ ಕಳುಹಿಸಿದರು: ದೀಪಾವಳಿಯೊಳಗೆ ಅದು ನಡೆಯದಿದ್ದರೆ ಕೋಣೆ ಪಾತ್ರೆ ಅಂಗಡಿಯವರಿಗೆ ಬಾಡಿಗೆಗೆ.

ಊರಿನಲ್ಲಿ ಕಂಪ್ಯೂಟರ್ ಮಾರುತ್ತಿದ್ದವರೇ ಬೆರಳೆಣಿಕೆಯಷ್ಟು ಮಂದಿ. ಅವರಲ್ಲೊಬ್ಬರು ನನ್ನ ಬೋರ್ಡನ್ನು ತುದಿಬೆರಳುಗಳಲ್ಲಿ ಎತ್ತಿ ಮೂಸಿದರು.

“ಇದಕ್ಕೆ ಯಾಕೆ ಪರಿಮಳ ಉಂಟು?”

ನಾನು ಹೇಳಿದೆ. ಅವರು ಒಳಗಿದ್ದವರನ್ನೆಲ್ಲ ಕರೆದು ಮೂಸಿಸಿದರು. ನಕ್ಕು ಮುಗಿದ ಮೇಲೆ, ಈ ಹಳೆಯ ಬೋರ್ಡು ಬಿಡಿಯಾಗಿ ಸಿಕ್ಕುವುದಿಲ್ಲವೆಂದೂ, ತರಿಸಿದರೂ ಹೆಚ್ಚುಕಡಿಮೆ ಹೊಸ ಕಂಪ್ಯೂಟರಿನ ಬೆಲೆಯೇ ಆಗುವುದೆಂದೂ ತಿಳಿಸಿದರು.

“ನಿಮ್ಮ ಯಜಮಾನರನ್ನು ಕಳುಹಿಸಿ ಅಮ್ಮ. ಅವರಿಗೆ ವಿವರವಾಗಿ ಹೇಳ್ತೇನೆ.”

“ಯಜಮಾನರಿಲ್ಲ. ಕಂಪ್ಯೂಟರ್ ನನ್ನದು. ನನಗೇ ಹೇಳಿ.”

ಹೇಳಲಿಲ್ಲ. ಆ ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿದೆ, ನನಗೇನೂ ಬೇಸರವಾಗಿಲ್ಲ.

ಕೊನೆಗೆ ನೆರವಾದದ್ದು ನನ್ನದೇ ಗಿರಾಕಿ, ಗೋಡಂಬಿ ರಫ್ತಿನವರು. ನಂತೂರಿನ ಅವರ ಗೋದಾಮಿನಲ್ಲಿ ನನ್ನದೇ ಬಗೆಯ ಕಂಪ್ಯೂಟರೊಂದು ಡಿಸ್ಕ್ ಕೆಟ್ಟು ಬಿದ್ದಿತ್ತು. ಬೋರ್ಡು ಮಾತ್ರ ಕೊಡಿ ಎಂದು ಕೇಳಿದೆ. ಗುಮಾಸ್ತರು ಒಪ್ಪಲಿಲ್ಲ.

“ಹೊಟ್ಟೆ ಬಗೆದು ಕೊಡ್ಲಿಕ್ಕೆ ಆಗುದಿಲ್ಲ ಅಕ್ಕಾ. ಗುಜರಿ ರೇಟಿಗೆ ಇಡೀ ತೆಗೊಂಡು ಹೋಗಿ, ಜಾಗ ಖಾಲಿ ಆಗ್ತದೆ.”

ಹೀಗೆ, ಬಿಡಿಭಾಗಕ್ಕಿಂತ ಅಗ್ಗದಲ್ಲಿ ಇಡೀ ಯಂತ್ರವನ್ನೇ ಕೊಂಡು ರಿಕ್ಷಾದಲ್ಲಿ ಮಡಿಲ ಮೇಲಿಟ್ಟುಕೊಂಡು ಬಂದೆ. ಮೆಟ್ಟಿಲ ಬಳಿ ಮಾವ ಕೇಳಿದರು: “ಒಂದು ಹೆಣ ಸಾಲದು ಅಂತ ಇನ್ನೊಂದಾ?” ನಾನು ಅದನ್ನು ಕೋಣೆಯೊಳಗೆ ಹೊತ್ತೊಯ್ದೆ. ಯಾವ ತಂತಿ ಎಲ್ಲಿಂದ ಕಿತ್ತದ್ದೆಂದು ಚೀಟಿ ಅಂಟಿಸುತ್ತಾ ಎರಡನ್ನೂ ಬಿಚ್ಚಿದೆ. ಅದರ ಬೋರ್ಡನ್ನು ನನ್ನದರಲ್ಲಿ ಕೂರಿಸಿದೆ. ಮೊದಲ ಸಲ ಪರದೆ ಕಪ್ಪಾಗಿಯೇ ಉಳಿಯಿತು. ಪ್ಲಗ್ಗೊಂದು ಸಡಿಲವಾಗಿತ್ತು; ಒತ್ತಿ ಕೂರಿಸಿದ ಮೇಲೆ ಹಸಿರು ಅಕ್ಷರಗಳು ಮೂಡಿದವು.

ದೀಪಾವಳಿಯ ಹಿಂದಿನ ದಿನ ಮಾವ ಪಾತ್ರೆ ಅಂಗಡಿಯವರನ್ನು ಕೋಣೆ ತೋರಿಸಲು ಕರೆತಂದಾಗ ಪ್ರಿಂಟರ್ ಕಿರ್ರೆಂದು ರಫ್ತಿನವರ ಕಾಗದ ಅಚ್ಚು ಹಾಕುತ್ತಿತ್ತು. ಮಾವ ತುಸು ಹೊತ್ತು ನಿಂತು ನೋಡಿದರು.

“ಆಯ್ತು, ಕೋಣೆ ಇವಳಿಗೇ ಇರಲಿ,” ಎಂದು ಬಂದವರ ಕಡೆ ತಿರುಗಿದರು. “ಹೆಂಗಸಲ್ವಾ, ಸ್ವಲ್ಪ ದಿನ ಆಡಿಕೊಳ್ಳಲಿ.”

ಅಂದೇ ಸಂಜೆ ಬಾಗಿಲಿನ ಬೀಗ ಬದಲಿಸಿದೆ. ಇನ್ನೊಂದು ಕೀಲಿಕೈ ಎಲ್ಲಿ ಎಂದು ಮಾವ ಕೇಳಿದರು.

“ಬಂದಾಗ ಬಾಗಿಲು ತಟ್ಟಿ ಮಾವ. ತೆರೀತೇನೆ.”

ಆಮೇಲೆ ಅವರು ತಟ್ಟಿಯೇ ಬರುತ್ತಿದ್ದರು, ಬೇಕಾದ್ದಕ್ಕಿಂತ ಜೋರಾಗಿ.